ಅತ್ತೆ ಜೋಡಿಸಿದ್ದು, ಸೊಸೆ ವಾಪಸ್ ಕಳಿಸಿದ್ದು

ಬೆಳಗಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಬೀದಿದೀಪಗಳು ಆರಿಲ್ಲ. ಕೈಗಾರಿಕಾ ಬಡಾವಣೆಯ ಕೊನೆಯ ಶೆಡ್ಡಿನಲ್ಲಿ, ಪೂರ್ವದ ಕಿಟಕಿಗೆ ಅಂಟಿಕೊಂಡ ಮೇಜಿನ ಮುಂದೆ ಒಬ್ಬ ಹೆಂಗಸು ಕುರ್ಚಿಯ ಎತ್ತರ ಸರಿಮಾಡಿಕೊಂಡು ಕೂರುತ್ತಾರೆ. ಕೈ ತೊಳೆದು ಒರೆಸಿಕೊಂಡಾಗಿದೆ. ಗಡಿಯಾರ, ಉಂಗುರ ಎರಡೂ ಡಬ್ಬಿಯೊಳಗೆ ಸೇರಿವೆ. ಪೆನ್ಸಿಲ್ಲಿನಷ್ಟು ದಪ್ಪದ ಕೇಬಲ್ಲೊಂದನ್ನು ಎಡಗೈಗೆ ತೆಗೆದುಕೊಂಡು, ಅದಕ್ಕೆ ಒಂದು ಹಿತ್ತಾಳೆಯ ನಟ್ಟು, ಒಂದು ಲೋಹದ ಬಳೆ ಪೋಣಿಸಿ ಹಿಂದಕ್ಕೆ ತಳ್ಳುತ್ತಾರೆ. ಆಮೇಲೆ ತುದಿಯನ್ನು ಬ್ಲೇಡಿರುವ ಚಿಕ್ಕ ಹಿಡಿಯೊಳಗೆ ಇಟ್ಟು, ಒಂದು ಸುತ್ತು ತಿರುಗಿಸಿ ಎಳೆದರೆ ಹೊರಗಿನ ಕಪ್ಪು ಸಿಪ್ಪೆ ಟೋಪಿಯಂತೆ ಕಳಚಿ ಬರುತ್ತದೆ. ಒಳಗೆ ಬೆಳ್ಳಿಬಣ್ಣದ ಜಾಲರಿ. ಕೂದಲೆಳೆಯಂಥ ತಂತಿಗಳಿಂದ ನೇಯ್ದದ್ದು.

ಮೊನಚು ಕಡ್ಡಿಯೊಂದರಿಂದ ಆ ನೇಯ್ಗೆಯನ್ನು ಬಿಡಿಸುತ್ತ ಅವರು ಮಾತಿಗಿಳಿಯುತ್ತಾರೆ. “ತಲೆ ಬಾಚೋ ಹಾಗೇ ಇದೂನೂ. ಸಿಕ್ಕು ಬಿಡಿಸೋವಾಗ ಎಳದ್ರೆ ಮಗು ಅಳತ್ತೆ, ಇದನ್ನ ಎಳದ್ರೆ ಎಳೆ ಕಿತ್ತು ಬರತ್ತೆ. ಅತ್ತರೂ ವಾಸಿ ರೀ, ಇದು ಸದ್ದೇ ಮಾಡಲ್ಲ. ಕಿತ್ತ ಎಳೆ ಒಳಗೆಲ್ಲೋ ಬಚ್ಚಿಟ್ಕೊಂಡಿರತ್ತೆ. ಆಮೇಲೆ ಯಾವತ್ತೋ ತನ್ನ ಕಿತಾಪತಿ ತೋರಿಸತ್ತೆ.”

ಬಿಡಿಸಿದ ಎಳೆಗಳನ್ನು ಗಾಳಿಗೆ ಮಗುಚಿದ ಕೊಡೆಯಂತೆ ಸುತ್ತಲೂ ಹಿಂದಕ್ಕೆ ಮಡಿಸುತ್ತಾರೆ. ಅದರಡಿಯ ತೆಳು ಲೋಹದ ಹಾಳೆಯನ್ನು ಕತ್ತರಿಸಿ ತೆಗೆದಾಗ, ಕೊನೆಗೆ ಕಾಣಿಸುತ್ತವೆ ಎರಡು ತಂತಿಗಳು. ಒಂದು ಬಿಳಿ, ಒಂದು ನೀಲಿ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ, ತುದಿಯ ಸಿಪ್ಪೆ ಸುಲಿದು, ಒಂದೊಂದಕ್ಕೂ ಚಿನ್ನದ ಲೇಪವಿರುವ ಪುಟ್ಟ ಪಿನ್ನು ಬೆಸೆಯುತ್ತಾರೆ. ಹೊಗೆಯ ಎಳೆಯೊಂದು ಎದ್ದು ಮೂಗಿನ ಪಕ್ಕದಲ್ಲೇ ಹಾದುಹೋಗುತ್ತದೆ. ಪಿನ್ನುಗಳು ಬಿಳಿ ಬಿಲ್ಲೆಯೊಂದರ ತೂತುಗಳಲ್ಲಿ ಕೂರುತ್ತವೆ, ಅದರ ಮೇಲೆ ಲೋಹದ ಕವಚ, ಜಾಲರಿಯ ಮೇಲೆ ಬಳೆ, ಕೈಒತ್ತಿನ ಯಂತ್ರದಲ್ಲಿ ಒಂದು ಒತ್ತು, ಕೊನೆಗೆ ಹಿತ್ತಾಳೆಯ ನಟ್ಟಿಗೆ ಒಂದು ತಿರುವು. ಹೆಬ್ಬೆಟ್ಟಿನ ಗಾತ್ರದ ಕನೆಕ್ಟರ್ ಒಂದು ಸಿದ್ಧವಾಯಿತು. ಇಂಥವು ದಿನಕ್ಕೆ ಐವತ್ತರಿಂದ ಅರವತ್ತು ಅವರ ಕೈಯಿಂದ ಹೊರಬೀಳುತ್ತವೆ. ರೈಲು ಎಂಜಿನ್ನಿನಲ್ಲಿ ಬ್ರೇಕಿನ ಸ್ಥಿತಿಯನ್ನು ಚಾಲಕನ ಪರದೆಗೆ ಮುಟ್ಟಿಸುವ ಕೇಬಲ್ಲುಗಳ ಎರಡು ತುದಿಗಳಲ್ಲೂ ಇರುವುದು ಇದೇ ಕನೆಕ್ಟರ್. ಹೊರಗಿಂದ ನೋಡಿದರೆ ಒಂದು ತುಂಡು ಕೊಳವೆ, ಅಷ್ಟೇ.

ಸುದ್ದಿ ಸಾಗಿಸಲು ಒಂದು ತಂತಿ ಸಾಲದೇ, ಎರಡೇಕೆ ಎಂದು ಕೇಳುತ್ತೇನೆ. ಅವರು ನಗುತ್ತಾರೆ.

“ನಾನೂ ಮೊದಲನೇ ವಾರ ಇದನ್ನೇ ಕೇಳಿದ್ದೆ. ಫೋರ್‌ಮನ್ ಗೆರೆ ಬರೆದು ತೋರಿಸಿದ್ರು. ನನ್ನ ತಲೆಗೆ ಸ್ವಲ್ಪ ತಡವಾಗಿ ಹೋಯ್ತು. ಹೀಗೆ ತಿಳ್ಕೊಳ್ಳಿ. ಅಕ್ಕ-ತಂಗಿ ಪಕ್ಕಪಕ್ಕ ನಿಂತಿದಾರೆ. ಅಕ್ಕ ಒಂದು ಗೇಣು ಎತ್ತರ. ಆ ಒಂದು ಗೇಣೇ ನಾವು ಕಳಿಸೋ ಸುದ್ದಿ. ಈಗ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಹತ್ತಿಸಿ. ಇಬ್ರೂ ಎತ್ತರ ಆದ್ರು. ಗೇಣು ಹೆಚ್ಚಾಯ್ತಾ? ಇಲ್ಲ. ಹೊರಗಿನ ಮೋಟಾರು, ಮಿಂಚು, ಪಕ್ಕದಲ್ಲಿ ಹೋಗೋ ದೊಡ್ಡ ಕರೆಂಟಿನ ಕೇಬಲ್ಲು, ಇವೆಲ್ಲ ಆ ಬೆಂಚಿದ್ದ ಹಾಗೆ. ಇಬ್ಬರನ್ನೂ ಒಟ್ಟಿಗೇ ಎತ್ತತ್ತೆ. ಆ ಕಡೆ ಇರೋ ಯಂತ್ರ ಗೇಣನ್ನ ಮಾತ್ರ ಅಳೆಯತ್ತೆ, ಬೆಂಚಿನ ಕಡೆ ತಿರುಗೂ ನೋಡಲ್ಲ. ಇನ್ನು ಈ ಜಾಲರಿ ಇದೆಯಲ್ಲ, ಇದು ಇಬ್ಬರಿಗೂ ಸುತ್ತ ಕಟ್ಟಿದ ಗೋಡೆ. ಗೋಡೇಲಿ ಒಂದು ಕಡೆ ಬಿರುಕು ಬಿಡ್ತು ಅಂದ್ರೆ ಮುಗೀತು.”

ಈ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು ‘ಅತ್ತೆ’. ಅವರ ಸ್ವಂತ ಸೊಸೆ ಇದೇ ಶೆಡ್ಡಿನ ಇನ್ನೊಂದು ತುದಿಯ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಆಕೆ ಕೆಲಸಕ್ಕೆ ಸೇರಿದ ಮೊದಲ ದಿನ ಬೆರಳು ಸುಟ್ಟುಕೊಂಡು “ಅತ್ತೇ!” ಎಂದು ಕೂಗಿದ್ದು ಇಡೀ ಶೆಡ್ಡಿಗೆ ಕೇಳಿತ್ತು. ಅಂದಿನಿಂದ ಅದೇ ನಿಂತಿತು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಫೋರ್‌ಮನ್ ಕೂಡ ಅತ್ತೆ ಎಂದೇ ಕರೆಯುತ್ತಾರೆ. “ಇಷ್ಟು ಜನ ಅಳಿಯಂದಿರಿಗೆ ನಾನು ಹೆಣ್ಣು ಎಲ್ಲಿಂದ ತರ್ಲಿ?” ಎಂಬುದು ಅವರ ಹಳೆಯ ಜೋಕು. ಎಷ್ಟನೆಯ ಸಲ ಹೇಳಿದರೂ ಪಕ್ಕದ ಮೇಜಿನವರು ನಗುತ್ತಾರೆ.

ಅತ್ತೆ ಮೊದಲು ದುಡಿಯುತ್ತಿದ್ದುದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ, ಅಂಗಿಗಳಿಗೆ ಗುಂಡಿಮನೆ ಹೊಲಿಯುವ ವಿಭಾಗದಲ್ಲಿ. ಗಂಡ ಲಾರಿ ಚಾಲಕ. ದೂರದ ಹಾದಿಯಲ್ಲಿ ಒಮ್ಮೆ ಲಾರಿ ಮಗುಚಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಮಲಗಿದ್ದವರು ಎದ್ದರೇನೋ ನಿಜ, ಆದರೆ ಸ್ಟೇರಿಂಗ್ ಹಿಡಿದು ಕೂರುವ ಬೆನ್ನು ಅದಾಗಿ ಉಳಿಯಲಿಲ್ಲ. ಉಡುಪಿನ ಕಾರ್ಖಾನೆಗೆ ಎರಡು ಬಸ್ಸು ಹಿಡಿದು ಹೋಗಬೇಕಿತ್ತು. ಈ ಶೆಡ್ಡು ಮನೆಯಿಂದ ನಡೆದು ಬರುವಷ್ಟು ಹತ್ತಿರ. ಆಗ ಇಲ್ಲಿದ್ದದ್ದು ನಾಲ್ಕು ಮೇಜು, ಒಂದು ಫ್ಯಾನು. ಗಂಡ ಒಲೆಯ ಮುಂದೆ ನಿಂತರು, ಹೆಂಡತಿ ಬೆಸುಗೆ ಕಡ್ಡಿ ಹಿಡಿದರು. “ಅವರು ಮಾಡಿದ ಅಡುಗೆ ಮೊದಲನೇ ವರ್ಷ ಬಾಯಿಗಿಡೋ ಹಾಗಿರಲಿಲ್ಲ, ನಾನು ಮಾಡಿದ ಬೆಸುಗೆನೂ ಹಾಗೇ ಇತ್ತು. ಇಬ್ರೂ ಒಬ್ಬರನ್ನೊಬ್ರು ಸಹಿಸ್ಕೊಂಡ್ವಿ” ಎನ್ನುತ್ತಾರೆ ಅತ್ತೆ.

ಕೈಗಳನ್ನು ನೋಡಿದರೆ ಆ ವರ್ಷಗಳು ಕಾಣುತ್ತವೆ. ಬಲ ಹೆಬ್ಬೆರಳಿನ ಚರ್ಮ ಒರಟಾಗಿ ಹೊಳಪು ಬಂದಿದೆ. ಎಡ ತೋರುಬೆರಳಿನ ಮೇಲೆ ಹಳೆಯ ಸುಟ್ಟ ಕಲೆಗಳು ಒಂದರ ಮೇಲೊಂದು. ಕತ್ತು ಬಗ್ಗಿಸಿ ಬಗ್ಗಿಸಿ ಹೆಗಲಿಗೆ ಹಿಡಿದ ನೋವು ಬಿಟ್ಟದ್ದೇ ಇಲ್ಲ.

ನಾನೂ ಒಂದು ಮಾಡಿ ನೋಡುತ್ತೇನೆಂದು ಕೂತೆ. ಜಾಲರಿ ಬಿಡಿಸುವಷ್ಟರಲ್ಲಿ ಬೆವರಿಳಿಯಿತು. ಹೇಗೋ ಎರಡೂ ಪಿನ್ನು ಬೆಸೆದು, ಗೆದ್ದೆ ಎಂದು ತಲೆಯೆತ್ತಿದರೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಮೊದಲೇ ಪೋಣಿಸಬೇಕಿದ್ದ ಲೋಹದ ಬಳೆ ಮೇಜಿನ ಮೇಲೆ ಹಾಗೇ ಕೂತಿತ್ತು. ಇನ್ನು ಅದನ್ನು ತೊಡಿಸಬೇಕೆಂದರೆ ಮಾಡಿದ್ದೆಲ್ಲ ಕತ್ತರಿಸಬೇಕು. “ಎಲ್ರೂ ಹೀಗೇ ಮಾಡೋದು. ಅಂಗಿ ಗುಂಡಿಯೆಲ್ಲ ಹಾಕ್ಕೊಂಡ ಮೇಲೆ ಬನಿಯನ್ ನೆನಪಾದ ಹಾಗೆ” ಎಂದು ಸಮಾಧಾನ ಹೇಳಿದರು.

ಸೊಸೆಯನ್ನು ಈ ಕೆಲಸಕ್ಕೆ ಕರೆತಂದವರು ಅತ್ತೆಯೇ. ಮಗ ರಾತ್ರಿ ಪಾಳಿಯ ಬಸ್ ಚಾಲಕ, ಹಗಲೆಲ್ಲ ನಿದ್ದೆ. ಅಡುಗೆಮನೆ ಮಾವನ ವಶ. ಹೊಸದಾಗಿ ಮನೆಗೆ ಬಂದ ಹುಡುಗಿ ಮಾಡಲು ಕೆಲಸವಿಲ್ಲದೆ ಇದ್ದ ಪಾತ್ರೆಗಳನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಳಂತೆ. “ಪಾತ್ರೆ ತೂತು ಬೀಳೋ ಮೊದಲು ಇವಳಿಗೊಂದು ದಾರಿ ತೋರಿಸ್ಬೇಕು ಅನ್ನಿಸ್ತು” ಎನ್ನುತ್ತಾರೆ ಅತ್ತೆ. ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದರು. ಮುದ್ದು ಮಾಡಿ ಕಲಿಸಿದ್ದಲ್ಲ. ಸೊಸೆ ಆ ದಿನಗಳನ್ನು ನೆನೆದು ಕಣ್ಣರಳಿಸುತ್ತಾಳೆ. “ನಾನು ಬೆಳಗ್ಗೆಯಿಂದ ಕಷ್ಟಪಟ್ಟು ಮಾಡಿದ್ದನ್ನ ನನ್ನ ಕಣ್ಣೆದುರೇ ಕಟರ್ ತಗೊಂಡು ಕಚಕ್ ಅಂತ ಕತ್ತರಿಸಿಬಿಡೋರು. ಅಳು ಬಂದ್ರೆ, ‘ಮನೇಲಿ ನೀನು ನನ್ನ ಸೊಸೆ. ಇಲ್ಲಿ ಇದು ತಪ್ಪು’ ಅನ್ನೋರು. ಅಷ್ಟೇ, ಎರಡನೇ ಮಾತಿಲ್ಲ.”

ಹುಡುಗಿ ಚುರುಕು. ಕೈಕೆಲಸದ ಜೊತೆಗೆ ನಕ್ಷೆ ಓದುವುದನ್ನೂ ಕಲಿತಳು, ತಪಾಸಣೆಯ ಪರೀಕ್ಷೆ ಬರೆದು ಪಾಸಾದಳು. ಶೆಡ್ಡಿನಲ್ಲಿ ತಯಾರಾಗುವ ಪ್ರತಿ ಕನೆಕ್ಟರನ್ನೂ ಕವಚ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ನೋಡುವ ಮೇಜು ಈಗ ಆಕೆಯದು. ಸರಿಯಿದ್ದರೆ ಹಸಿರು ಟ್ರೇ, ತಪ್ಪಿದ್ದರೆ ಕೆಂಪು ಟ್ರೇ. ಕೆಂಪು ಟ್ರೇಗೆ ಬಿದ್ದದ್ದು ಮಾಡಿದವರ ಮೇಜಿಗೇ ವಾಪಸ್. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ಹೇಳದ ಒಬ್ಬನೇ ಒಬ್ಬ ಮನುಷ್ಯ ಆ ಶೆಡ್ಡಿನಲ್ಲಿರಲಿಲ್ಲ. ಅತ್ತೆಗೆ ಅದರಿಂದ ಬೇಜಾರಿರಲಿಲ್ಲ. ತನ್ನ ಮೇಜಿನಿಂದ ಹೋದದ್ದು ಕೆಂಪು ಟ್ರೇ ಸೇರುವುದು ವರ್ಷಕ್ಕೊಂದೋ ಎರಡೋ ಎಂಬ ಧೈರ್ಯ.

ಹೋದ ವರ್ಷ ಆ ಧೈರ್ಯ ಅಲುಗಾಡಿತು.

ಶೆಡ್ಡಿಗೆ ಹೊಸ ದೀಪಗಳು ಬಂದಿದ್ದವು. ಪ್ರತಿ ಮೇಜಿಗೂ ಒಂದೊಂದು, ಹಾಲಿನಂಥ ಬೆಳಕು. ಎಲ್ಲರೂ ಹೊಗಳಿದರು. ಅತ್ತೆಗೆ ಮಾತ್ರ ಆ ಬೆಳಕು ಬೆಳ್ಳಿಬಣ್ಣದ ಜಾಲರಿಯ ಮೇಲೆ ಬಿದ್ದೊಡನೆ ಎಳೆಗಳೆಲ್ಲ ಕಲಸಿ ಒಂದೇ ಹೊಳಪಾಗಿ ಕಾಣುತ್ತಿತ್ತು. ದೀಪದ ಕತ್ತನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿಕೊಂಡರು. ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಕೆಂಪು ಟ್ರೇಯಲ್ಲಿ ಅತ್ತೆಯ ಸಂಖ್ಯೆಯ ಚೀಟಿಯಿದ್ದ ಕನೆಕ್ಟರ್ ಒಂದು ಬಂದಿತು. ಜಾಲರಿಯ ಒಂದು ಎಳೆ ಮಡಿಕೆಯಿಂದ ತಪ್ಪಿಸಿಕೊಂಡು ನೀಲಿ ತಂತಿಯ ಪಿನ್ನಿಗೆ ಮುಟ್ಟುವಂತಿತ್ತು. ಮುಟ್ಟಿದರೆ ಸುದ್ದಿ ಸತ್ತಂತೆ. ಅತ್ತೆ ಅದನ್ನು ಕತ್ತರಿಸಿ ಹೊಸದು ಮಾಡಿದರು. ಅದೇ ವಾರ ಇನ್ನೆರಡು. ಮುಂದಿನ ವಾರ ಒಂದೇ ದಿನದಲ್ಲಿ ಮೂರು. ಪಕ್ಕದ ಮೇಜಿನವಳು ತಮಾಷೆಗೆ, “ಏನತ್ತೆ, ಮನೇಲಿ ಸೊಸೆಗೆ ಏನಾದ್ರೂ ಅಂದ್ರಾ?” ಎಂದಳು. ಯಾವತ್ತೂ ತಿರುಗಿ ಒಂದು ಮಾತು ಕೊಡುತ್ತಿದ್ದ ಅತ್ತೆ ಆ ದಿನ ತಲೆ ಎತ್ತಲಿಲ್ಲ.

“ಕೋಪ ಬಂತು. ಸುಳ್ಳು ಯಾಕೆ ಹೇಳ್ಲಿ?” ಎನ್ನುತ್ತಾರೆ ಈಗ. “ನಾನು ಅವಳ ಪೀಸುಗಳನ್ನ ಕತ್ತರಿಸಿ ಬಿಸಾಕಿದ್ದು ನೆನಪಿತ್ತು. ಆದ್ರೂ ಕೋಪ ಬಂತು. ಕಲಿಸಿದ ಕೈಗೇ ತಪ್ಪು ತೋರಿಸ್ತಾಳಲ್ಲ ಅಂತ. ಮನೆಗೆ ಬಂದ್ರೆ ಅವಳ ಮುಖ ನೋಡೋಕೆ ಮನಸ್ಸಾಗ್ತಿರಲಿಲ್ಲ.”

ಆ ದಿನಗಳಲ್ಲಿ ಮನೆಯ ಮಾತುಕತೆಯೆಲ್ಲ ಮಾವನ ಮೂಲಕವೇ ಸಾಗಿತು. “ಊಟಕ್ಕೆ ಬರೋಕೆ ಹೇಳಿ” ಎಂದು ಒಬ್ಬರು, “ಹಸಿವಿಲ್ಲ ಅಂತ ಹೇಳಿ” ಎಂದು ಇನ್ನೊಬ್ಬರು. ಮೂವರೂ ಕೂತಿದ್ದದ್ದು ಒಂದೇ ಕೋಣೆಯಲ್ಲಿ. “ನಾನು ಲಾರಿ ಓಡಿಸ್ದಾಗ್ಲೂ ಇಷ್ಟು ಟ್ರಿಪ್ ಹೊಡೆದಿರಲಿಲ್ಲ” ಎಂದು ಮಾವ ನಗುತ್ತಾರೆ. ಒಂದು ಸಂಜೆ ಅವರಿಗೂ ತಾಳ್ಮೆ ತಪ್ಪಿತು. ಅತ್ತೆ ಒಳಗಿನ ಕೋಣೆಯಲ್ಲಿದ್ದಾಗ ಸೊಸೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

“ಎರಡು ಮೂರು ಪೀಸು ತಾನೇ ತಾಯಿ? ಮನೆ ನೆಮ್ಮದಿಗೆ ಅಂತ ಬಿಟ್ಬಿಡಬಾರ್ದಾ?”

“ಮಾವ, ಅದು ರೈಲಿಗೆ ಹೋಗತ್ತೆ.”

“ನಂಗೊತ್ತು. ಆದ್ರೂ ಅವಳು ನಿನ್ನ ಅತ್ತೆ.”

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. “ರೀ, ನೀವು ಸುಮ್ನಿರಿ. ಅವಳು ಮಾಡ್ತಿರೋದು ಸರಿ. ನಂಗೆ ಕೋಪ ಬಂದಿದೆ, ಅದು ಬೇರೆ ವಿಷಯ. ಪೀಸ್ ಬಿಡೋದು ಬೇರೆ ವಿಷಯ. ಎರಡನ್ನೂ ಒಂದೇ ಪಾತ್ರೇಲಿ ಬೇಯಿಸ್ಬೇಡಿ.”

ಆ ರಾತ್ರಿ ಸೊಸೆಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ನಿಯತ್ತಿನ ಕೈ ಯಾಕೆ ತಪ್ಪುತ್ತಿದೆ ಎಂಬ ಪ್ರಶ್ನೆ ಆಕೆಯನ್ನು ಕೊರೆಯತೊಡಗಿತು. ಅಜಾಗರೂಕತೆ ಅತ್ತೆಯ ಜಾಯಮಾನವಲ್ಲ. ಕೈ ನಡುಗುತ್ತಿದೆಯೇ ಎಂದು ಗಮನಿಸಿದಳು; ಇಲ್ಲ, ಲೋಟ ತುಂಬ ನೀರು ತುಳುಕದಂತೆ ತರುತ್ತಾರೆ. ಆ ಭಾನುವಾರ ಅತ್ತೆ ಎಂದಿನಂತೆ ಪುಟ್ಟ ಮೊಮ್ಮಗಳ ತಲೆ ಬಾಚಿದರು. ಮಗು ಎದ್ದು ಓಡಿಬಂದು ಅಮ್ಮನ ಮುಂದೆ ನಿಂತಾಗ ಸೊಸೆ ನೋಡಿದಳು. ಗೆರೆ ಕೊರೆದಂತೆ ನೇರವಾಗಿರುತ್ತಿದ್ದ ಬೈತಲೆ, ನಡುವೆ ಸೊಟ್ಟಗೆ ತಿರುಗಿತ್ತು. ಅಷ್ಟರಲ್ಲಿ ಅತ್ತೆ ಎದ್ದು ಹೋಗಿ, ಬಿಸಿಲು ಬೀಳುತ್ತಿದ್ದ ಕಿಟಕಿಯ ಪರದೆ ಎಳೆದು, “ಕಣ್ಣಿಗೆ ಚುಚ್ಚತ್ತೆ” ಎಂದು ಗೊಣಗಿಕೊಂಡರು. ಸೊಸೆಗೆ ಶೆಡ್ಡಿನಲ್ಲಿ ಗೋಡೆಗೆ ಮುಖಮಾಡಿದ ದೀಪ ನೆನಪಾಯಿತು.

ಮರುದಿನ ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಹಿಡಿದು ಆಚೆ ಹೋಗಿದ್ದರು. ಅತ್ತೆ ಇನ್ನೂ ಮೇಜಿನ ಮುಂದೆಯೇ ಇದ್ದರು. ಸೊಸೆ ಕವಚ ಹಾಕದ ಒಂದು ಕನೆಕ್ಟರ್ ತಂದು ಅವರ ಕೈಗಿಟ್ಟಳು. ಎಷ್ಟೋ ದಿನಗಳ ಮೇಲೆ ನೇರವಾಗಿ ಆಡಿದ ಮಾತು ಅದು.

“ಅತ್ತೆ, ಇದರಲ್ಲಿ ಒಂದು ಎಳೆ ಆಚೆ ಬಂದಿದೆ ನೋಡಿ.”

ಅತ್ತೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. “ಹೂಂ. ಬಂದಿದೆ.”

“ಎಲ್ಲಿ?”

“ಇಲ್ಲೇ, ನೀಲಿ ಪಿನ್ ಪಕ್ಕದಲ್ಲಿ. ಕೊಡು, ಸರಿಮಾಡ್ತೀನಿ.”

ಸೊಸೆ ಅದನ್ನು ಅವರ ಕೈಯಿಂದ ತೆಗೆದುಕೊಂಡು ಜೊತೆಗೆ ತಂದಿದ್ದ ಹಸಿರು ಟ್ರೇಯಲ್ಲಿಟ್ಟಳು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಅತ್ತೆ ಟ್ರೇಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು. “ಯಾವಾಗಿಂದ ಗೊತ್ತು ನಿಂಗೆ?”

“ನಿನ್ನೆಯಿಂದ. ನಿಮಗೆ?”

“ಹೊಸ ದೀಪ ಬಂದಾಗಿಂದ. ಗೊತ್ತಾದ್ರೆ ಪ್ಯಾಕಿಂಗ್‌ಗೆ ಹಾಕ್ತಾರೆ ಕಣೇ. ನನ್ನ ಪಕ್ಕ ಕೂರ್ತಿದ್ದೋಳನ್ನ ಕಣ್ಣು ಮಂಜಾದಾಗ ಹಾಗೇ ಹಾಕಿದ್ರು. ಅವಳು ಮತ್ತೆ ಈ ಕಡೆ ಬರಲೇ ಇಲ್ಲ.”

“ಅವರು ಆಸ್ಪತ್ರೆಗೂ ಹೋಗ್ಲಿಲ್ಲ ಅತ್ತೆ. ನೀವು ಹೋಗ್ತೀರಿ, ವಾಪಸ್ ಬರ್ತೀರಿ.”

“ಬರ್ದೇ ಇದ್ರೆ?”

“ಬರ್ದೇ ಇದ್ರೆ ನಾನು ಪ್ಯಾಕಿಂಗ್‌ಗೇ ಬಂದು ನೀವು ಕಟ್ಟಿದ ಡಬ್ಬಗಳನ್ನೂ ವಾಪಸ್ ಕಳಿಸ್ತೀನಿ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದರು. ಸೊಸೆ ಹೇಳುತ್ತಾಳೆ: “ಹಾಗೆ ಸುಳ್ಳು ಹೇಳಿ ಪರೀಕ್ಷೆ ಮಾಡಿದ್ದಕ್ಕೆ ನಂಗೆ ತುತ್ತು ಇಳೀತಿರಲಿಲ್ಲ. ಅವರೇ ಬಲವಂತ ಮಾಡಿ ತಿನ್ನಿಸಿದ್ರು.”

ಊಟ ಮುಗಿಸಿ ಅತ್ತೆ ನೇರ ಫೋರ್‌ಮನ್ ಕೋಣೆಗೆ ಹೋದರು. ಸೊಸೆ ಜೊತೆಗೆ ಬರುತ್ತೇನೆಂದರೂ ಬೇಡವೆಂದರು. “ನನ್ನ ಸೊಸೆ ನನ್ನನ್ನೇ ಕೆಂಪು ಟ್ರೇಗೆ ಹಾಕಿದಾಳೆ ಸಾರ್. ರಿಪೇರಿ ಮಾಡಿಸ್ಕೊಂಡು ಬರ್ತೀನಿ” ಎಂದರಂತೆ. ಫೋರ್‌ಮನ್ ನಕ್ಕರು, ಆದರೆ ಅತ್ತೆ ನಗಲಿಲ್ಲ. ಇನ್ನೊಂದು ಮಾತು ಬಾಕಿಯಿತ್ತು. ಹೊಸ ದೀಪ ಬಂದಾಗಿನಿಂದ ತಾನು ಮಾಡಿ, ಇನ್ನೂ ಉಗ್ರಾಣದಲ್ಲೇ ಇರುವ ಕನೆಕ್ಟರುಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕು. ಆಗಲೇ ಹೊರಗೆ ಹೋದವನ್ನೂ ಕೊಂಡವರು ಪರೀಕ್ಷಿಸುವಂತೆ ತಿಳಿಸಬೇಕು. “ನಂಗೆ ಕಾಣದೇ ಇದ್ದದ್ದು ಅವಳಿಗೂ ಕಾಣದೆ ಹೋಗಿದ್ರೆ?”

ಮುಂದಿನ ಎರಡು ವಾರ ಅತ್ತೆ ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ಡಬ್ಬಗಳಿಗೆ ಅಂಟುಪಟ್ಟಿ ಹಚ್ಚುತ್ತ ಕಾದರು. ಇತ್ತ ತಪಾಸಣೆಯವರು ಉಗ್ರಾಣದ ಪೀಸುಗಳಿಗೆ ಒಂದೊಂದಾಗಿ ವಿದ್ಯುತ್ ಹರಿಸಿ, ಎಳೆದು, ಅಲುಗಿಸಿ ನೋಡಿದರು. ಹೊರಗಿನಿಂದಲೂ ಉತ್ತರ ಬಂತು. ಕೆಂಪು ಟ್ರೇಯನ್ನು ದಾಟಿಹೋದ ತಪ್ಪು ಒಂದೂ ಸಿಗಲಿಲ್ಲ. ಸುದ್ದಿ ಕೇಳಿದಾಗ ಅತ್ತೆ ಡಬ್ಬಗಳ ರಾಶಿಯ ಮೇಲೇ ಕೂತುಬಿಟ್ಟರಂತೆ. ಅದನ್ನು ಹೇಳುವಾಗ ಈಗಲೂ ಅವರ ದನಿ ಗಂಭೀರವಾಗುತ್ತದೆ. “ಮುಲಾಜಿಗೆ ಬಿದ್ದು ಅವಳು ಒಂದನ್ನಾದ್ರೂ ಬಿಟ್ಟಿದ್ರೆ, ಕಣ್ಣು ಸರಿಹೋದ್ರೂ ನಾನು ಮತ್ತೆ ಈ ಕುರ್ಚಿ ಮೇಲೆ ಕೂರ್ತಿರಲಿಲ್ಲ.”

ಕಣ್ಣಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಹೆದರಬೇಕಾದ್ದೇನಿಲ್ಲ, ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ ಮಾಡಿದರಾಯಿತು. ಅತ್ತೆ ಹೆದರಿದ್ದರು. ಆದರೆ ಆ ಹೆದರಿಕೆಯಲ್ಲೂ ಪರೀಕ್ಷೆಯ ಯಂತ್ರದ ಮುಂದೆ ಗಲ್ಲ ಇಡಲು ಹೇಳಿದಾಗ, ಗಲ್ಲ ಇಡುವ ಬದಲು ಬಗ್ಗಿ ಅದರ ಹಿಂಬದಿಯ ಕೇಬಲ್ ಎತ್ತಿ ತಡವಿದರು. “ಅಮ್ಮಾ, ಅದನ್ನ ಮುಟ್ಟಬೇಡಿ!” ಎಂದು ನರ್ಸ್ ಗದರಿಸಿದರು. ಸೊಸೆ ನಾಚಿಕೆಯಿಂದ ನೆಲ ನೋಡಿದಳು. ಹೊರಗೆ ಬಂದ ಮೇಲೆ ಅತ್ತೆ ಕಿವಿಯಲ್ಲಿ ಹೇಳಿದ್ದು ಇಷ್ಟು: “ನಮ್ಮದಲ್ಲ. ಆದ್ರೂ ಒತ್ತು ಚೆನ್ನಾಗಿ ಬಿದ್ದಿದೆ.”

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ಗಂಡನನ್ನು. “ರೀ, ಇಷ್ಟೊಂದು ಬೆಳ್ಳಗಾಗಿದೆಯಾ ನಿಮ್ಮ ತಲೆ?” ಎಂದು ಗಾಬರಿಯಾದರು. “ನೀನು ಕನ್ನಡಿ ನೋಡ್ಕೊಂಡಿಲ್ಲ ಇನ್ನೂ” ಎಂದರು ಮಾವ. ನೀಲಿ ಬಣ್ಣ ಅಷ್ಟು ನೀಲಿ ಎಂಬುದೇ ಮರೆತುಹೋಗಿತ್ತಂತೆ. ಬಾಗಿಲ ಬಳಿಯ ಪ್ಲಾಸ್ಟಿಕ್ ಬಕೆಟ್ಟನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು.

ಎರಡನೆಯ ಕಣ್ಣೂ ವಾಸಿಯಾಗಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೂ ಒಂದು ಅಡ್ಡಿ ಇತ್ತು. ಮೇಜಿಗೆ ಮರಳಬೇಕಾದರೆ ಹೊಸಬರಂತೆ ಕೆಲಸ ಮಾಡಿ ತೋರಿಸಿ ತೇರ್ಗಡೆಯಾಗಬೇಕು. ಮನೆಯವಳೇ ಪಾಸು ಮಾಡಿದಳೆಂಬ ಮಾತು ಬರಬಾರದೆಂದು ಫೋರ್‌ಮನ್ ಹೊರಗಿನ ತಪಾಸಕರನ್ನು ಕರೆಸುತ್ತೇನೆಂದರು. ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ. “ಅವರು ನೋಡ್ಲಿ. ಆದ್ರೆ ಮೊದಲು ಇವಳು ನೋಡ್ಬೇಕು. ಬೇರೆಯವರು ಪಾಸ್ ಮಾಡಿದ್ರೆ ಕೆಲಸ ಸಿಗತ್ತೆ. ಇವಳು ಪಾಸ್ ಮಾಡಿದ್ರೆ ಮಾತ್ರ ನಂಗೆ ನಿದ್ದೆ ಬರತ್ತೆ.”

ಪರೀಕ್ಷೆಯ ದಿನ ಶೆಡ್ಡಿನಲ್ಲಿ ಯಾರ ಕೈಯೂ ಸರಿಯಾಗಿ ಓಡಲಿಲ್ಲ. ಎಲ್ಲರ ಕಣ್ಣೂ ಕಿಟಕಿಯ ಪಕ್ಕದ ಮೇಜಿನ ಮೇಲೆ. ಅತ್ತೆ ಹೊಸ ದೀಪವನ್ನು ಎಳೆದು ನೇರ ಜಾಲರಿಯ ಮೇಲೆ ಬೀಳುವಂತೆ ಇಟ್ಟುಕೊಂಡರು. ಸುಲಿದರು, ಬಾಚಿದರು, ಮಡಿಸಿದರು, ಬೆಸೆದರು. ನಾಲ್ಕೈದು ಕನೆಕ್ಟರ್ ಆ ಕಡೆ ಹೋದವು. ಸೊಸೆ ಒಂದೊಂದನ್ನೂ ಭೂತಗನ್ನಡಿಯಡಿ ತಿರುಗಿಸಿ ತಿರುಗಿಸಿ ನೋಡಿ ಹಸಿರು ಟ್ರೇಯಲ್ಲಿಟ್ಟಳು. ಹೊರಗಿನ ತಪಾಸಕರು ಅವನ್ನೇ ಮತ್ತೆ ನೋಡಿ ತಲೆಯಾಡಿಸಿದರು.

ಆಮೇಲೊಂದು ಪೀಸನ್ನು ಕೊಡಲು ಚಾಚಿದ ಕೈಯನ್ನು ಅತ್ತೆ ತಟ್ಟನೆ ಹಿಂದಕ್ಕೆಳೆದುಕೊಂಡರು. ದೀಪದ ಹತ್ತಿರ ಹಿಡಿದರು. “ಏಯ್, ಇಲ್ನೋಡು!” ಎಂದು ಜೋರಾಗಿ ಕೂಗಿದ್ದಕ್ಕೆ ಸೊಸೆ ಗಾಬರಿಯಾಗಿ ಎದ್ದು ಓಡಿಬಂದಳು. ಒಂದೇ ಒಂದು ಎಳೆ, ಹುಬ್ಬಿನ ಕೂದಲಿಗಿಂತ ಸಣ್ಣದು, ಮಡಿಕೆಯ ಅಂಚಿನಿಂದ ಇಣುಕುತ್ತಿತ್ತು. “ಕಂಡಿತು ಕಣೇ! ನಂಗೇ ಕಂಡಿತು!” ಎಂದು ಅತ್ತೆ ಮಗುವಿನ ಹಾಗೆ ನಕ್ಕರು. ಆ ಪೀಸನ್ನು ತಾವೇ ಕೊಂಡೊಯ್ದು ಕೆಂಪು ಟ್ರೇಯಲ್ಲಿಟ್ಟು ಬಂದರು. ಪರೀಕ್ಷೆಯಲ್ಲಿ ತಪ್ಪು ಮಾಡಿ ಇಷ್ಟು ಖುಷಿಪಟ್ಟವರನ್ನು ತಾನು ನೋಡಿಲ್ಲ ಎಂದು ಹೊರಗಿನ ತಪಾಸಕರು ಫೋರ್‌ಮನ್‌ಗೆ ಹೇಳಿದರಂತೆ. ತಪ್ಪನ್ನು ತಾನೇ ಹಿಡಿದು ತೆಗೆದದ್ದೂ ಕೆಲಸದ ಭಾಗವೇ ಎಂದು ಅತ್ತೆಯನ್ನು ತೇರ್ಗಡೆ ಮಾಡಿದರು.

ಈಗ ಮತ್ತೆ ಹಳೆಯ ದಿನಚರಿ. ಆರಕ್ಕೆ ಮೊದಲು ಮೇಜಿನ ಮುಂದೆ, ಎರಡಕ್ಕೆ ಮನೆಯ ಕಡೆ. ಅತ್ತೆ-ಸೊಸೆ ಒಟ್ಟಿಗೇ ನಡೆದು ಬರುತ್ತಾರೆ, ಒಟ್ಟಿಗೇ ನಡೆದು ಹೋಗುತ್ತಾರೆ. ಶೆಡ್ಡಿನಲ್ಲಿ ನಲವತ್ತು ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸುವ ಪದ್ಧತಿ ಈಗ ಶುರುವಾಗಿದೆ. ಪ್ಯಾಕಿಂಗ್‌ಗೆ ಹೋಗಿ ಕೆಲಸ ಬಿಟ್ಟಿದ್ದ ಹಳೆಯ ಗೆಳತಿಯನ್ನು ಅತ್ತೆಯೇ ಮನೆಗೆ ಹೋಗಿ ಆಸ್ಪತ್ರೆಗೆ ಕರೆದೊಯ್ದರು; ಆಕೆ ಮುಂದಿನ ತಿಂಗಳು ಪರೀಕ್ಷೆಗೆ ಕೂರುತ್ತಾಳಂತೆ. ಈಗಲೂ ಆಗೊಮ್ಮೆ ಈಗೊಮ್ಮೆ ಅತ್ತೆಯ ಸಂಖ್ಯೆಯ ಪೀಸು ವಾಪಸ್ ಬರುವುದುಂಟು. ಆಗ ಅತ್ತೆ ದೂರದ ಮೇಜಿನ ಕಡೆ ಕಣ್ಣು ಕೆಕ್ಕರಿಸುತ್ತಾರೆ. ಸೊಸೆ ಭೂತಗನ್ನಡಿಯ ಹಿಂದೆ ಮುಖ ಮರೆಸಿಕೊಳ್ಳುತ್ತಾಳೆ.

ಹೊರಡುವ ಮೊದಲು, ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಅತ್ತೆ ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟು ಯೋಚಿಸಿದರು.

“ಒಂದಿದೆ. ಒಂದೇ ಒಂದು ದಿನ ನಾನು ಆ ತಪಾಸಣೆ ಮೇಜಲ್ಲಿ ಕೂರ್ಬೇಕು. ಅವಳು ಇಲ್ಲಿ ಕೂತು ಮಾಡ್ಬೇಕು. ಅವಳ ಒಂದೊಂದು ಪೀಸನ್ನೂ ನಾನು ನೋಡ್ಬೇಕು.”

“ವಾಪಸ್ ಕಳಿಸೋಕಾ?”

“ತಪ್ಪಿದ್ರೆ ಕಳಿಸ್ದೇ ಬಿಡ್ತೀನಾ?” ಎಂದು ಹುಬ್ಬೇರಿಸಿದರು. ಆಮೇಲೆ ಆ ತುದಿಯ ಮೇಜಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಅವಳಿಗೆ ಕೇಳಿಸಬಾರದೆಂಬಂತೆ ಹೇಳಿದರು:

“ತಪ್ಪಿರಲ್ಲ ಬಿಡಿ. ಕಲಿಸಿದ್ದು ನಾನಲ್ವಾ?”